ಎಲ್ಲದಕ್ಕೂ ಬಿಸಿಲನ್ನೇ ಬೈಯಬೇಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ನಮ್ಮೂರಿನ ಓದುಗರೊಬ್ಬರು ಬರೆದಿದ್ದರು. ಕಲಬುರಗಿಯ ಬಿಸಿಲಿಗೆ ಮನೆಯಲ್ಲಿ 24 ಗಂಟೆ ಕಂಪ್ಯೂಟರ್ ನಡೆಸುವುದು ಆಗದ ಮಾತು, ದುಡ್ಡು ಕೊಟ್ಟು ಕ್ಲೌಡ್‌ನಲ್ಲಿ (ಅಂದರೆ ಬೇರೆ ಕಂಪನಿಯ ಕಂಪ್ಯೂಟರ್‌ನಲ್ಲಿ) ಫೈಲ್ ಇಡುವುದೇ ವಾಸಿ ಎಂದು. ಅವರ ಮಷಿನ್ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಬಂದ್ ಬೀಳುತ್ತಿತ್ತಂತೆ. ಆ ಸಂಕಟ ನನಗೆ ಗೊತ್ತು, ನಾನೂ ಮೂರು ತಿಂಗಳು ಉಂಡಿದ್ದೇನೆ. ಆದರೆ ತಪ್ಪು ಬಿಸಿಲಿನದು ಎಂಬುದನ್ನು ಒಪ್ಪಲಾರೆ.

ನನ್ನದು ಫೋಟೊ ಸ್ಟುಡಿಯೊ. 22 ವರ್ಷದ ಮದುವೆ, ಸೀಮಂತ, ಶರಣಬಸವೇಶ್ವರರ ಜಾತ್ರೆಯ ತೇರು, ಶಾಲೆಗಳ ಗ್ರೂಪ್ ಫೋಟೊ ಎಲ್ಲವೂ ಮನೆಯಲ್ಲಿರುವ ಒಂದು ಹಳೇ ಕಂಪ್ಯೂಟರ್‌ನಲ್ಲಿವೆ. ಅದನ್ನೇ ಸರ್ವರ್, ಅಂದರೆ ಹಗಲು ರಾತ್ರಿ ನಡೆಯುವ ಫೋಟೊ ಉಗ್ರಾಣ, ಮಾಡಿಕೊಂಡಿದ್ದೇನೆ. ನಾಲ್ಕು ಹಾರ್ಡ್‌ಡಿಸ್ಕ್, ವಿಂಡೋಸ್ ಬದಲು ಲಿನಕ್ಸ್, ಮಾನಿಟರ್ ಇಲ್ಲ. ದೇವರ ಕೋಣೆಯ ಪಕ್ಕದಲ್ಲಿ, ಶಹಾಬಾದಿ ಕಲ್ಲಿನ ಕಟ್ಟೆಯ ಮೇಲೆ ಕೂತಿದೆ. “ಅಣ್ಣಾ, ಅಪ್ಪ ಹೋದ್ರು. ಅಕ್ಕನ ಮದ್ವಿಯೊಳಗ ತೆಗೆದದ್ದು ಒಂದರೇ ಫೋಟೊ ಅದ ಏನ್ರಿ?” ಎಂದು ಹತ್ತು ವರ್ಷದ ಮೇಲೆ ಬಂದು ಕೇಳುವವರಿದ್ದಾರೆ. ಅವರಿಗೆ ಇಲ್ಲ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಕಳೆದ ನವೆಂಬರ್‌ನಲ್ಲಿ ಕಾಟ ಶುರುವಾಯಿತು. ಒಂದು ದಿನ ಸರ್ವರ್ ತಾನೇ ರೀಸ್ಟಾರ್ಟ್ ಆಗಿರುತ್ತಿತ್ತು. ಇನ್ನೊಂದು ದಿನ ಫ್ಯಾನ್ ತಿರುಗುತ್ತಿದೆ, ದೀಪ ಉರಿಯುತ್ತಿದೆ, ಒಳಗೆ ಉಸಿರಿಲ್ಲ. ಆಮೇಲೆ ನಾಲ್ಕು ದಿನ ಗಟ್ಟಿಮುಟ್ಟಾಗಿ ನಡೆಯುತ್ತಿತ್ತು. ಪೂರ್ತಿ ಕೆಟ್ಟರೆ ರಿಪೇರಿ ಸುಲಭ ಕಣ್ರೀ. ಹೀಗೆ ಆಟ ಆಡುವ ಮಷಿನ್ ಮನುಷ್ಯನನ್ನು ಹುಚ್ಚು ಹಿಡಿಸುತ್ತದೆ.

ಅಂಗಡಿಯವನು ಬಂದು ಮುಚ್ಚಳ ತೆಗೆದು ಎರಡು ನಿಮಿಷ ನೋಡಿದ. “ಹೀಟ್ ಆಗಿ ಮದರ್‌ಬೋರ್ಡ್ ಹೋಗ್ಯಾದ್ರಿ. ನಮ್ಮೂರ ಬಿಸಿಲು ಗೊತ್ತಲ್ರಿ” ಎಂದ. ಪ್ರೊಸೆಸರ್ ಸೇರಿ 11 ಸಾವಿರ ಹೇಳಿದ. ಅದು ಡಿಸೆಂಬರ್, ನಾವು ರಗ್ಗು ಹೊದ್ದು ಮಲಗುತ್ತಿದ್ದೆವು! ಬಿಸಿಲೆಲ್ಲಿ ಬಂತು? ಅವನ ತಪ್ಪೂ ಅಲ್ಲ ಬಿಡಿ. ಏಪ್ರಿಲ್, ಮೇ ಬಂದರೆ ನಮ್ಮ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆರೆದು 1.30ಕ್ಕೆ ಮುಚ್ಚುತ್ತವೆ. ಏನು ಕೆಟ್ಟರೂ ಬಿಸಿಲು ಅನ್ನುವುದು ನಮ್ಮ ನಾಲಿಗೆಗೆ ಅಂಟಿಬಿಟ್ಟಿದೆ.

ಆದರೂ ನಾನೂ ಮೊದಲು ಬಿಸಿಯನ್ನೇ ಹಿಡಿದೆ. ಹೊಸ ಫ್ಯಾನ್ ಹಾಕಿದೆ, ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. 900 ರೂಪಾಯಿ ಹೋಯಿತು. ಮಷಿನ್ ಮತ್ತೆ ಬಿತ್ತು. ಆಮೇಲೆ ತಿಳಿಯಿತು, ಪ್ರೊಸೆಸರ್ ಬಿಸಿಯಾದರೆ ಮೊದಲು ತಾನೇ ನಿಧಾನ ಮಾಡಿಕೊಳ್ಳುತ್ತದೆ. 100 ಡಿಗ್ರಿಯ ಸುತ್ತಮುತ್ತ ಹೋದರೆ ಮಾತ್ರ ಬಂದ್ ಆಗುತ್ತದೆ. ನನ್ನದು 48 ದಾಟಿರಲಿಲ್ಲ.

ಮುಂದೆ ರ್‍ಯಾಮ್. ಮೆಮ್‌ಟೆಸ್ಟ್ ಎಂಬ, ಕಂಪ್ಯೂಟರಿನ ಆ ತಾತ್ಕಾಲಿಕ ನೆನಪನ್ನು ಪರೀಕ್ಷಿಸುವ ಬಿಟ್ಟಿ ಪ್ರೋಗ್ರಾಮ್ ಇದೆ. ಪೆನ್‌ಡ್ರೈವ್‌ಗೆ ಹಾಕಿ ರಾತ್ರಿಯಿಡೀ ಓಡಿಸಿದೆ. ಒಂದೂ ತಪ್ಪಿಲ್ಲ. ಹಾರ್ಡ್‌ಡಿಸ್ಕ್‌ಗಳ ಕೇಬಲ್ ಬಿಚ್ಚಿ ಹಾಕಿದೆ. ಅದೂ ಅಲ್ಲ.

ಕಣ್ಣು ತೆರೆಸಿದ್ದು ಸರ್ವರ್‌ನ ಲಾಗ್, ಅಂದರೆ ಅದು ತಾನೇ ಬರೆದುಕೊಳ್ಳುವ ದಿನಚರಿ. ಸಾಫ್ಟ್‌ವೇರ್ ಕೆಟ್ಟರೆ ಬಹುಪಾಲು ಅದು ಸಾಯುವ ಮುಂಚೆ ಏನಾದರೂ ಗೊಣಗಿರುತ್ತದೆ. ನನ್ನದರಲ್ಲಿ ಬೆಳಗ್ಗೆ 6.12ಕ್ಕೆ ಒಂದು ಮಾಮೂಲಿ ಸಾಲು, 6.13ಕ್ಕೆ ಮತ್ತೆ ಶುರುವಾದ ಸಾಲು. ನಡುವೆ ಪಿಟ್ ಎಂದಿಲ್ಲ. ನಡು ಮಾತಿನಲ್ಲಿ ಯಾರೋ ಬಾಯಿ ಮುಚ್ಚಿಸಿದ ಹಾಗೆ. ಹಾರ್ಡ್‌ಡಿಸ್ಕ್‌ಗಳೂ ತಮ್ಮ ಲೆಕ್ಕ ತಾವೇ ಬರೆದುಕೊಳ್ಳುತ್ತವೆ. ಹೇಳದೆ ಕೇಳದೆ ಕರೆಂಟ್ ಹೋದ ಸಲ ಎಷ್ಟು ಎಂಬುದೂ ಅದರಲ್ಲಿರುತ್ತದೆ. ಆ ಸಂಖ್ಯೆ ಪ್ರತಿ ಸಲವೂ ಒಂದೊಂದು ಏರಿತ್ತು. ಅಂದರೆ ಬಾಯಿ ಮುಚ್ಚಿಸುತ್ತಿದ್ದುದು ಕರೆಂಟು. ಆದರೆ ಮನೆಯಲ್ಲಿ ಇನ್ವರ್ಟರ್ ಇದೆ, ಲೈಟ್ ಒಂದು ಸಲವೂ ಮಿಣುಕಿಲ್ಲ!

ನಾನು ನೋಟ್‌ಬುಕ್‌ನಲ್ಲಿ ಬಿದ್ದ ತಾರೀಕು, ಹೊತ್ತು ಬರೆಯುತ್ತಾ ಹೋದೆ. ಹದಿನಾಲ್ಕು ಸಲವಾಯಿತು. ಒಂದು ಬೆಳಗ್ಗೆ ನನ್ನ ಹೆಂಡತಿ ಆ ಪಟ್ಟಿ ನೋಡಿದಳು. ಗೋಡೆಯ ಕ್ಯಾಲೆಂಡರ್‌ನಲ್ಲಿ ನಲ್ಲಿ ನೀರು ಬಂದ ದಿನಕ್ಕೆ ಅವಳು ಸುತ್ತು ಹಾಕುತ್ತಾಳೆ. “ರೀ, ನೀರ ಬಂದ ದಿನಾನೇ ನಿಮ್ಮ ಮಷಿನ್ ಬಂದ್ ಬೀಳ್ತದಲ್ಲ, ನೋಡ್ರಿ ಇಲ್ಲಿ” ಎಂದಳು. ಹದಿನಾಲ್ಕರಲ್ಲಿ ಹನ್ನೊಂದು ಸುತ್ತಿನ ಮೇಲೇ ಕೂತಿದ್ದವು. ಮೂರು ತಿಂಗಳು ನನಗೆ ಹೊಳೆಯದ್ದು ಅವಳಿಗೆ ಒಂದು ಕಪ್ ಚಹಾ ಮುಗಿಯುವುದರೊಳಗೆ ಹೊಳೆಯಿತು.

ನಮ್ಮ ಬ್ರಹ್ಮಪುರದ ಓಣಿಯಲ್ಲಿ ನೀರು ಬಿಟ್ಟ ಕೂಡಲೇ ಮನೆಮನೆಯ ಮೋಟರ್ ಒಟ್ಟಿಗೆ ಶುರುವಾಗುತ್ತವೆ. ನಮ್ಮದೂ ಅರ್ಧ ಎಚ್‌ಪಿ ಇದೆ, ಸುಳ್ಳೇಕೆ. ಮೋಟರ್ ಏಳುವ ಗಳಿಗೆಯಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಮುಂದಿನ ನೀರಿನ ದಿನ ಮಲ್ಟಿಮೀಟರ್ ಹಿಡಿದು ಕೂತೆ. 5.50ಕ್ಕೆ 221 ವೋಲ್ಟ್. 6.10ಕ್ಕೆ 158. ಹಿಂದೆ ಹಳದಿ ಬಲ್ಬ್ ಇದ್ದಾಗ ವೋಲ್ಟೇಜ್ ಬಿದ್ದರೆ ಬಲ್ಬ್ ಕೆಂಪಗಾಗಿ ಗೊತ್ತಾಗುತ್ತಿತ್ತು. ಈಗಿನ ಎಲ್‌ಇಡಿ ಬಲ್ಬ್ 158ರಲ್ಲೂ ಏನೂ ಆಗದ ಹಾಗೆ ಉರಿಯುತ್ತದೆ. ಚಳಿಗಾಲದಲ್ಲಿ ಫ್ಯಾನ್ ಹಾಕಿರುವುದಿಲ್ಲ. ಹೀಗಾಗಿ ಓಣಿಯಲ್ಲಿ ಯಾರಿಗೂ ಸುಳಿವಿಲ್ಲ.

ಇನ್ವರ್ಟರ್ ಏನು ಮಾಡುತ್ತಿತ್ತು ಅಂತೀರಾ? ಅದರ ಹಿಂದುಗಡೆ ಒಂದು ಸಣ್ಣ ಸ್ವಿಚ್ ಇರುತ್ತದೆ, ನಾರ್ಮಲ್ ಮತ್ತು ಯುಪಿಎಸ್ ಎಂದು. ಕೆಲವದರಲ್ಲಿ ನಾರ್ಮಲ್ ಬದಲು ಎಕೋ ಎಂದಿರುತ್ತದೆ. ನಾರ್ಮಲ್‌ನಲ್ಲಿಟ್ಟರೆ ವೋಲ್ಟೇಜ್ ಸುಮಾರು 100ಕ್ಕೆ ಇಳಿಯುವವರೆಗೂ ಅದು ಲೈನ್ ಕರೆಂಟನ್ನೇ ಮುಂದಕ್ಕೆ ಬಿಡುತ್ತದೆ. ಲೈಟು, ಫ್ಯಾನಿಗೆ ಅಷ್ಟು ಸಾಕು. ನನ್ನದರಂಥ ಹಳೇ ಕಂಪ್ಯೂಟರ್‌ಗೆ ಸಾಲದು. ಯುಪಿಎಸ್‌ನಲ್ಲಿಟ್ಟರೆ 180ರ ಹತ್ತಿರ ಬಂದಾಗಲೇ ಬ್ಯಾಟರಿಗೆ ಹೋಗುತ್ತದೆ, ಅದೂ ಸುಮಾರು 10 ಮಿಲಿ ಸೆಕೆಂಡಿನಲ್ಲಿ. ಹಾಕಿಕೊಟ್ಟವನು ನಾರ್ಮಲ್‌ನಲ್ಲಿಟ್ಟು ಹೋಗಿದ್ದ. ಆರು ವರ್ಷ ನಾನು ಆ ಕಡೆ ತಿರುಗಿಯೂ ನೋಡಿರಲಿಲ್ಲ.

ಸ್ವಿಚ್ ಸರಿಸಿದೆ. ಬೀಳುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ. ಉಳಿದ ಕಳ್ಳ, ಮನೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಹಾಗೆ ಮಾಡಿ ಕೊಡುವ ಡಬ್ಬಿ, ಎಸ್‌ಎಂಪಿಎಸ್. ಕರೆಂಟ್ ತಪ್ಪಿದ ಆ ಹತ್ತು ಮಿಲಿ ಸೆಕೆಂಡ್ ಅದರೊಳಗೆ ಕರೆಂಟ್ ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಕಂಪ್ಯೂಟರನ್ನು ಹಿಡಿದು ನಿಲ್ಲಿಸಬೇಕು. ಹೊಸದಾದರೆ 16 ಮಿಲಿ ಸೆಕೆಂಡಾದರೂ ತಡೆಯಬೇಕು ಎಂಬುದು ಲೆಕ್ಕ. ನನ್ನದು ಎಂಟು ವರ್ಷದ ಹಳೇದು. ಇಲ್ಲಿ ಮಾತ್ರ ಬಿಸಿಲಿಗೆ ಅದರ ಪಾಲು ಕೊಡುತ್ತೇನೆ. ಕೆಪಾಸಿಟರ್ ಇರುವ ಜಾಗದ ಬಿಸಿ 10 ಡಿಗ್ರಿ ಏರಿದರೆ ಅದರ ಆಯುಸ್ಸು ಅರ್ಧವಾಗುತ್ತದೆ ಎನ್ನುವುದು ಎಲೆಕ್ಟ್ರಾನಿಕ್ಸ್‌ನವರ ಅಂದಾಜು. ಎಂಟು ಬೇಸಿಗೆ ಅದನ್ನು ಒಳಗೊಳಗೇ ಒಣಗಿಸಿತ್ತು. ಆದರೆ ಬಿಸಿಲು ಅದನ್ನು ಮುದುಕ ಮಾಡಿತ್ತು ಅಷ್ಟೆ, ಕೆಳಗೆ ಬೀಳಿಸಿದ್ದು ವೋಲ್ಟೇಜು. 2,600 ರೂಪಾಯಿಗೆ ಒಳ್ಳೆಯ ಎಸ್‌ಎಂಪಿಎಸ್ ಹಾಕಿದೆ. ಈ ಪತ್ರ ಬರೆಯುವ ಹೊತ್ತಿಗೆ, ಈ ಮೇ ಬಿಸಿಲಲ್ಲಿ, ಸರ್ವರ್ 96 ದಿನದಿಂದ ಒಂದೇ ಸಮ ನಡೆದಿದೆ. ಅದೇ ಮದರ್‌ಬೋರ್ಡ್!

ಪತ್ರ ಬರೆದ ಓದುಗರೇ, ನಿಮ್ಮ ಮಷಿನ್ ಯಾವ ಹೊತ್ತಿಗೆ ಬೀಳುತ್ತದೆ ಎಂದು ಹದಿನೈದು ದಿನ ಬರೆದಿಡಿ. ಕ್ಲೌಡ್‌ಗೆ ಆಮೇಲೆ ದುಡ್ಡು ಕೊಡುವಿರಂತೆ.

ಇನ್ನು ಕರೆಂಟಿನವರಿಗೆ ಒಂದು ಮಾತು. 230 ವೋಲ್ಟ್‌ಗೆ ಆರು ಪರ್ಸೆಂಟ್ ಆಚೀಚೆ ಮಾತ್ರ ಆಗಬಹುದು ಎಂದು ನಿಯಮವಿದೆ. ಅಂದರೆ 216ಕ್ಕಿಂತ ಕೆಳಗೆ ಹೋಗಬಾರದು. ನಾನು ದೂರು ಕೊಟ್ಟೆ. ಲೈನ್‌ಮನ್ ಬಂದರು, ಒಳ್ಳೆಯ ಮನುಷ್ಯ, ಮೀಟರ್ ಹಿಡಿದು 228 ಎಂದು ಬರೆದುಕೊಂಡು ಹೋದರು. ದೂರು ಬಗೆಹರಿದಿದೆ ಎಂದು ಮೆಸೇಜ್ ಬಂತು. ಅವರು ಬಂದದ್ದು ಬೆಳಗ್ಗೆ 11 ಗಂಟೆಗೆ, ನೀರಿಲ್ಲದ ದಿನ. ಆಗ ನಮ್ಮ ಓಣಿಯಲ್ಲಿ ಮಿಕ್ಸಿ ಕೂಡ ತಿರುಗುತ್ತಿರಲಿಲ್ಲ. ಓಣಿಯ ಮನೆಗಳನ್ನು ಮೂರು ಫೇಸ್‌ಗೆ ಸಮನಾಗಿ ಹಂಚಿದ್ದಾರಾ, ಟಿಸಿ (ಓಣಿಯ ಟ್ರಾನ್ಸ್‌ಫಾರ್ಮರ್) ಈ ಲೋಡ್ ತಡೆಯುತ್ತದಾ ಎಂದು ನೋಡಬೇಕಾದರೆ ಮೋಟರ್ ನಡೆಯುವ ಹೊತ್ತಿಗೇ ಬರಬೇಕು, ಅಲ್ವಾ?

ನಮ್ಮ ಕ್ಯಾಲೆಂಡರ್ ಪ್ರಕಾರ ಮುಂದಿನ ನೀರು ಶುಕ್ರವಾರ. ಬೆಳಗ್ಗೆ ಆರಕ್ಕೆ ಮೀಟರ್ ಹಿಡಿದು ಬರಲಿ. ಚಹಾ ನಮ್ಮ ಮನೆಯಲ್ಲೇ.

ಇಂತಿ,
ಫೋಟೊ ಸ್ಟುಡಿಯೊ ಮಾಲೀಕ
ಬ್ರಹ್ಮಪುರ, ಕಲಬುರಗಿ