ಪಾಪುವಿನ ಕೆಮ್ಮಿನ ವಿಚಾರ

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಪಾಪುವಿಗೆ ಮತ್ತೆ ನೆಗಡಿಯಾಗಿದೆ, ಎದೆ ಗೊರಗೊರ ಅನ್ನುತ್ತಿದೆ ಅಂತ ನಿನ್ನ ಹೆಂಡತಿ ಫೋನಿನಲ್ಲಿ ಹೇಳಿದಳು. "ಹವೆ ಬದಲಾಗಿದೆ ಅಷ್ಟೆ" ಅಂತ ನೀನು ಹಿಂದಿನಿಂದ ಕೂಗಿದ್ದೂ ಕೇಳಿಸಿತು. ಎಲ್ಲವನ್ನೂ ಹವೆಯ ಮೇಲೆ ಹಾಕಬೇಡಪ್ಪ. ನೆಗಡಿ ತರುವುದು ವೈರಸ್ಸೇ, ಒಪ್ಪಿದೆ. ಅದು ಎದೆಗಿಳಿದು ಬ್ರಾಂಕೈಟಿಸ್ (ಶ್ವಾಸನಾಳದ ಊತ), ನ್ಯುಮೋನಿಯಾ (ಶ್ವಾಸಕೋಶದ ಸೋಂಕು) ಆಗುವುದಕ್ಕೆ ದಾರಿ ಮಾಡಿಕೊಡುವುದರಲ್ಲಿ ನಿನ್ನ ಸಿಗರೇಟಿನ ಪಾಲೂ ಇದೆ.

ಶ್ವಾಸನಾಳದ ಒಳಗೆ ಕೂದಲಿಗಿಂತ ಸಣ್ಣ ಎಳೆಗಳಿರುತ್ತವೆ. ಕಫವನ್ನೂ ಅದಕ್ಕಂಟಿದ ರೋಗಾಣುಗಳನ್ನೂ ಮೇಲಕ್ಕೆ ಗುಡಿಸುವುದು ಅವುಗಳ ಕೆಲಸ. ಹೊಗೆ ತಾಗಿದರೆ ಅವು ಮಂಕಾಗಿ, ಕಫ ಅಲ್ಲೇ ಕೂರುತ್ತದೆ. ಕೂಸಿನ ಶ್ವಾಸನಾಳವೋ ಬಹಳ ಕಿರಿದು, ಸ್ವಲ್ಪ ಊದಿಕೊಂಡರೂ ಉಸಿರು ಕಟ್ಟುತ್ತದೆ. ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡಿದರೆ ಅವಳು 30ಕ್ಕೂ ಹೆಚ್ಚು ಸಲ ಉಸಿರಾಡುತ್ತಾಳೆ. ಹೊಗೆಯೂ ಹಾಗೇ ಒಳಗೆ ಹೋಗುತ್ತದೆ. ಕಿವಿ ಹಿಡಿದುಕೊಂಡು ಅಳುತ್ತಾಳೆ ಅಂತ ನಿನ್ನ ಹೆಂಡತಿ ಅಂದಳಲ್ಲ, ಮಕ್ಕಳ ಕಿವಿ ಸೋಂಕಿಗೂ ಹೊಗೆ ಒಂದು ಕಾರಣ.

ಕಿಟಕಿ ಪಕ್ಕ ನಿಂತು, ಫ್ಯಾನ್ ಹಾಕಿಕೊಂಡೇ ಸೇದುತ್ತೇನೆ ಅನ್ನುತ್ತೀಯ. ನೀನು ಊದಿ ಬಿಡುವುದಕ್ಕಿಂತ, ಬೆರಳ ಸಂದಿಯಲ್ಲಿ ಸುಮ್ಮನೆ ಉರಿಯುವ ತುದಿಯ ಹೊಗೆಯೇ ಮನೆಯಲ್ಲಿ ಹೆಚ್ಚು ತುಂಬುವುದು. ಫ್ಯಾನ್ ಅದನ್ನು ತೊಟ್ಟಿಲವರೆಗೂ ಮುಟ್ಟಿಸುತ್ತದೆ. ಇಷ್ಟು ಹೊಗೆಯಾದರೆ ಪರವಾಗಿಲ್ಲ ಅನ್ನುವ ಲೆಕ್ಕವೇ ಇಲ್ಲವೆಂದು ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಹಿರಿಯ ವೈದ್ಯಾಧಿಕಾರಿಯ ವರದಿ 2006ರಲ್ಲೇ ಹೇಳಿದೆ.

ಮನೆಯೊಳಗೆ, ಕಾರಿನೊಳಗೆ ಯಾರೂ ಸೇದಕೂಡದು. ಬಂದ ನೆಂಟರಿಗೆ ಹೇಳಲು ಸಂಕೋಚವಾದರೆ ನನ್ನ ಹೆಸರು ಹೇಳು, ಬೈಸಿಕೊಂಡು ನನಗೆ ಅಭ್ಯಾಸವಿದೆ. ಹೊರಗೆ ಸೇದಿ ಬಂದರೂ ಕೈ ತೊಳೆದು, ಅಂಗಿ ಬದಲಿಸಿ ಆಮೇಲೆ ಎತ್ತಿಕೋ. ಅವಳು ಮುಖ ಒತ್ತಿ ಮಲಗುವುದು ಆ ಹೆಗಲ ಮೇಲೇ. ಪೂರ್ತಿ ಬಿಟ್ಟರೆ ಇದ್ಯಾವ ರಗಳೆಯೂ ಇಲ್ಲ. ಒಬ್ಬನೇ ಹಟ ಹಿಡಿದು ಒದ್ದಾಡಬೇಡ. ನಿಕೋಟಿನ್ ಗಮ್, ಪ್ಯಾಚ್ ಅಂತೆಲ್ಲ ಇವೆ, ಡಾಕ್ಟರನ್ನು ಕೇಳು.

ಈಗ ಅವಳು ಅಳದೆ ಸುಮ್ಮನಿದ್ದಾಗ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿ ನೋಡು. ಏಳು ತಿಂಗಳ ಕೂಸಿಗೆ 50 ಅಥವಾ ಅದಕ್ಕಿಂತ ಹೆಚ್ಚಾದರೆ, ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ಹಾಲು ಬಿಟ್ಟರೆ, ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೊರಡು. ಮನೆಯಲ್ಲಿ ಯಾರಾದರೂ ಸೇದುತ್ತಾರಾ ಅಂತ ಅಲ್ಲಿ ಕೇಳಿದರೆ ನೀನೇ ಹೌದು ಅನ್ನು, ಹೆಂಡತಿಯ ಬಾಯಲ್ಲಿ ಹೇಳಿಸಬೇಡ.

ಇಂತಿ,
ನಿನ್ನ ದೊಡ್ಡಮ್ಮ