ಐವತ್ತು ವಾಟಿನ ಬಾನುಲಿ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಸಂಘದಿಂದ ಸಮುದಾಯ ಬಾನುಲಿ ಶುರು ಮಾಡ್ತೀವಿ, ಯಾವ ಟ್ರಾನ್ಸ್‌ಮಿಟರ್ ತಗೊಳ್ಳೋದು ಅಂತ ಕೇಳಿದ್ದೀಯ. ಆ ಪ್ರಶ್ನೆ ಕೊನೆಗಿರಲಿ ಕಣೇ. ನಮ್ಮ ದೇಶದಲ್ಲಿ ಸಮುದಾಯ ಬಾನುಲಿಗೆ ಸಾಮಾನ್ಯವಾಗಿ ಸಿಗುವುದು 50 ವಾಟಿನ ಟ್ರಾನ್ಸ್‌ಮಿಟರು. ಆ್ಯಂಟೆನಾ ಅಲೆಯನ್ನು ಒಟ್ಟುಗೂಡಿಸಿ ಕಳಿಸುವುದನ್ನೂ ಸೇರಿಸಿ ಲೆಕ್ಕ ಹಾಕುವ ಪ್ರಸಾರ ಶಕ್ತಿ (ಇಆರ್‌ಪಿ) 100 ವಾಟ್ ಮೀರುವಂತಿಲ್ಲ. ಅದರಲ್ಲಿ ನೀನು ಆರಿಸಿಕೊಳ್ಳುವುದಕ್ಕೆ ಹೆಚ್ಚೇನೂ ಇಲ್ಲ. ಕೇಳುವವರ ಕಿವಿಯಲ್ಲಿ ದನಿ ಕೆಡುವುದು ಮೈಕು, ಕೇಬಲ್ಲು, ಅರ್ಥಿಂಗ್ ಕೆಟ್ಟಾಗ. ದುಡ್ಡೂ ಬುದ್ಧಿಯೂ ಅಲ್ಲಿಗೆ ಹೋಗಲಿ.

ಕಾಗದಪತ್ರದ ಮಾತು ಮೊದಲು ಮುಗಿಸುತ್ತೇನೆ. ಒಬ್ಬೊಬ್ಬರ ಹೆಸರಿಗೆ ಪರವಾನಗಿ ಕೊಡುವುದಿಲ್ಲ. ಸಂಘ ನೋಂದಣಿಯಾಗಿ ಮೂರು ವರ್ಷ ತುಂಬಿರಬೇಕು, ಆ ಊರಲ್ಲಿ ಕೆಲಸ ಮಾಡಿದ ದಾಖಲೆ ಇರಬೇಕು. ಅರ್ಜಿ ಹೋಗುವುದು ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೆ, ಆನ್‌ಲೈನಿನಲ್ಲೇ. ಆ್ಯಂಟೆನಾ ಗೋಪುರ ನಿಲ್ಲಿಸುವ ಜಾಗದ ಅಕ್ಷಾಂಶ, ರೇಖಾಂಶ ಬರೆಯಬೇಕಾಗುತ್ತದೆ. ಆಮೇಲೆ ಜಾಗ ಬದಲಿಸಿದರೆ ಅನುಮತಿಯ ಓಡಾಟ ಮತ್ತೆ ಮೊದಲಿನಿಂದ. ಹಾಗಾಗಿ ಅರ್ಜಿಗೆ ಮುಂಚೆಯೇ ಆ ಜಾಗದಲ್ಲಿ ನಿಂತು ಎಷ್ಟು ಹಳ್ಳಿ ಕಣ್ಣಿಗೆ ಕಾಣುತ್ತವೆ ಎಣಿಸು. ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣಿನ ಹಾಗೇ; ಗುಡ್ಡದ ಹಿಂದಿನ ಊರಿಗೆ ಎಷ್ಟು ವಾಟ್ ಸುರಿದರೂ ಸರಿಯಾಗಿ ಮುಟ್ಟುವುದಿಲ್ಲ. ನಿಮ್ಮ ಕೇಂದ್ರಕ್ಕೆ ಫ್ರೀಕ್ವೆನ್ಸಿ ಮಂಜೂರಾಗಿ ಕೈಗೆ ಬರುವ ತನಕ ಟ್ರಾನ್ಸ್‌ಮಿಟರ್ ಕೊಳ್ಳಬೇಡ. ಪೆಟ್ಟಿಗೆಯೊಳಗೇ ವಾರಂಟಿ ಮುಗಿದುಹೋಗುತ್ತದೆ.

ಗೋಪುರಕ್ಕೆ 15ರಿಂದ 30 ಮೀಟರ್ ಎತ್ತರದ ಮಿತಿ ಇದೆ. 30ಕ್ಕೇ ಹೋಗು. ಅಲೆಯ ಬಲವನ್ನು ಡೆಸಿಬೆಲ್ಲಿನಲ್ಲಿ ಅಳೆಯುತ್ತಾರೆ; ಶಕ್ತಿ ದುಪ್ಪಟ್ಟಾದರೆ ಸಿಗುವುದು 3 ಡೆಸಿಬೆಲ್. ಎತ್ತರ ದುಪ್ಪಟ್ಟಾದರೆ ಸುಮಾರು 6. ಈಗ ಕೇಬಲ್ ಲೆಕ್ಕ ನೋಡು. ಗೋಪುರದ ತುದಿಯ ಆ್ಯಂಟೆನಾದಿಂದ ಟ್ರಾನ್ಸ್‌ಮಿಟರಿಗೆ 40 ಮೀಟರ್ ಅಂತಿಟ್ಟುಕೋ. ತೆಳ್ಳನೆಯ ಆರ್‌ಜಿ-58 ಹಾಕಿದರೆ 50 ವಾಟಿನಲ್ಲಿ ಮೇಲೆ ಮುಟ್ಟುವುದು ಹನ್ನೊಂದೋ ಹನ್ನೆರಡೋ. ಅದಕ್ಕಿಂತ ದಪ್ಪನೆಯ ಆರ್‌ಜಿ-213 ಹಾಕಿದರೆ 50ರಲ್ಲಿ ಅರ್ಧದಷ್ಟು. ಅರ್ಧ ಇಂಚಿನ ಫೋಮ್ ಕೇಬಲ್ಲಾದರೆ 40 ವಾಟ್. ಉಳಿದದ್ದೆಲ್ಲ ತಂತಿಯೊಳಗೇ ಬಿಸಿಯಾಗಿ ಹೋಯಿತು. ಕೇಬಲ್ಲಿನಲ್ಲಿ ಉಳಿಸಿದ ಕಾಸು ಹಳ್ಳಿಗಳ ಲೆಕ್ಕದಲ್ಲಿ ಕಳೆದುಹೋಗುತ್ತದೆ.

ಆ್ಯಂಟೆನಾ ಬುಡದ ಕನೆಕ್ಟರ್ ಇದೆಯಲ್ಲ, ಮಳೆಗಾಲದ ಬಹುಪಾಲು ತೊಂದರೆ ಹುಟ್ಟುವುದು ಅಲ್ಲಿ. ತಾನೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಚೆನ್ನಾಗಿ ಎಳೆದು, ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಹೆಂಚು ಹೊದಿಸಿದ ಹಾಗೆ ಮೇಲಿನ ಸುತ್ತು ಕೆಳಗಿನದರ ಮೇಲೆ ಅರ್ಧ ಕೂರಬೇಕು, ನೀರು ಜಾರಿ ಹೋಗಲಿ. ಅದರ ಮೇಲೆ ಬಿಸಿಲು ತಡೆಯಲು ಪಿವಿಸಿ ಟೇಪು. ಕೇಬಲ್ ಗೋಡೆಯೊಳಗೆ ನುಗ್ಗುವ ಮುಂಚೆ ಒಂದು ಸಲ ಕೆಳಗೆ ಜೋತುಬಿದ್ದು ಮೇಲೇರಲಿ, ಹನಿ ಅಲ್ಲೇ ಉದುರುತ್ತದೆ. ಕನೆಕ್ಟರಿಗೆ ನೀರು ಹೊಕ್ಕರೆ ಅಲೆ ವಾಪಸ್ ಬರುತ್ತದೆ, ಟ್ರಾನ್ಸ್‌ಮಿಟರ್ ತನ್ನನ್ನು ಉಳಿಸಿಕೊಳ್ಳಲು ಶಕ್ತಿ ಇಳಿಸಿಕೊಳ್ಳುತ್ತದೆ. ರೇಡಿಯೋ ನಿಲ್ಲುವುದಿಲ್ಲ, ಅಂಚಿನ ಹಳ್ಳಿಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ, ಸ್ಟುಡಿಯೋದಲ್ಲಿ ಕೂತವರಿಗೆ ಸುಳಿವೇ ಇರುವುದಿಲ್ಲ. ಅದಕ್ಕೇ ದಿನಾ ಬೆಳಿಗ್ಗೆ, ಅಲೆ ಎಷ್ಟು ವಾಪಸ್ ಬರುತ್ತಿದೆ ಎಂದು ತೋರಿಸುವ ಎಸ್‌ಡಬ್ಲ್ಯೂಆರ್ ಅಂಕಿ ಎಷ್ಟು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. 1.5 ದಾಟಿತೋ, ಗೋಪುರ ಹತ್ತುವವರನ್ನು ಕರೆಸಿ.

ಅರ್ಥಿಂಗ್ ಗುಂಡಿಯನ್ನು ಮಳೆಗಾಲದಲ್ಲಿ ಅಳೆದು ಸಮಾಧಾನಪಡಬೇಡ. ಏಪ್ರಿಲ್ಲಿನಲ್ಲಿ, ಮಣ್ಣು ಒಣಗಿದಾಗ ಅಳೆ. ರೋಧ 5 ಓಮ್ ಒಳಗಿರಲಿ. ಸಿಡಿಲಿನ ಗುಂಡಿ, ಸ್ಟುಡಿಯೋ ಗುಂಡಿ ಬೇರೆಬೇರೆ ತೋಡಿದರೂ ನೆಲದೊಳಗೆ ಎರಡನ್ನೂ ತಾಮ್ರದ ಪಟ್ಟಿಯಿಂದ ಸೇರಿಸಲೇಬೇಕು. ಇಲ್ಲದಿದ್ದರೆ ಸಿಡಿಲು ಒಂದರಿಂದ ಇನ್ನೊಂದಕ್ಕೆ ಹಾಯಲು ದನಿ ಬೆರೆಸುವ ನಿನ್ನ ಮಿಕ್ಸರನ್ನೇ ದಾರಿ ಮಾಡಿಕೊಳ್ಳುತ್ತದೆ. ಇನ್ನು ದನಿಯ ಹಿಂದೆ ಗುಂಯ್ ಅನ್ನುವ ಸದ್ದು ಬಂದರೆ ಅದು ಕರೆಂಟಿನ 50 ಹರ್ಟ್ಸ್: ಕಂಪ್ಯೂಟರ್ ಒಂದು ಗೋಡೆಯ ಪ್ಲಗ್ಗಿನಿಂದ, ಮಿಕ್ಸರ್ ಇನ್ನೊಂದರಿಂದ ಕರೆಂಟ್ ತಗೊಂಡಿರುತ್ತವೆ. ಎರಡನ್ನೂ ಒಂದೇ ಯುಪಿಎಸ್‌ಗೆ ಹಾಕು. ಆಗಲೂ ಹೋಗದಿದ್ದರೆ ಅವೆರಡರ ನಡುವಿನ ದನಿಯ ತಂತಿಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಡು; ದನಿ ದಾಟುತ್ತದೆ, ತಂತಿಗಳು ಮಾತ್ರ ಒಂದಕ್ಕೊಂದು ತಾಗುವುದಿಲ್ಲ.

ಎಡಕ್ಕೊಂದು ಬಲಕ್ಕೊಂದು ದನಿ ಕಳಿಸುವ ಸ್ಟೀರಿಯೋ ಆಸೆ ಬಿಡು. ಒಂದೇ ದನಿಯ ಮೋನೋದಲ್ಲಿ ಪ್ರಸಾರ ಮಾಡಿದರೆ ದೂರದ ಊರಲ್ಲಿ ಕೊರಕೊರ ಎಷ್ಟೋ ಕಮ್ಮಿ. ನಿಮ್ಮಲ್ಲಿ ಹೆಚ್ಚು ಇರುವುದು ಮಾತು, ಹಾಡು. ಅದಕ್ಕೆ ಮೋನೋ ಧಾರಾಳ.

ಸ್ಟುಡಿಯೋಗೆ ಕಂಡೆನ್ಸರ್ ಮೈಕು ಬೇಡ, ಅದು ಬೀದಿಯ ಟ್ರ್ಯಾಕ್ಟರನ್ನೂ ಹಿಡಿಯುತ್ತದೆ. ಡೈನಾಮಿಕ್ ಮೈಕು, ಬಾಯಿಂದ ನಾಲ್ಕು ಬೆರಳು ದೂರ. ಮೊಟ್ಟೆ ಟ್ರೇ ಅಂಟಿಸಿದರೆ ಹೊರಗಿನ ಸದ್ದು ನಿಲ್ಲುವುದಿಲ್ಲ; ಒಳಗಿನ ಪ್ರತಿಧ್ವನಿಗೆ ನಿಮ್ಮ ಕಡೆಯ ದಪ್ಪ ಕೌದಿಗಳನ್ನು ಗೋಡೆಯಿಂದ ಒಂದು ಗೇಣು ಮುಂದೆ ಇಳಿಬಿಟ್ಟರೆ ಚೆನ್ನಾಗಿ ಹೀರುತ್ತವೆ.

ಅಜ್ಜಿಯರ ಸೋಬಾನೆ ಪದ ರೆಕಾರ್ಡ್ ಮಾಡಲು ಹೋದಾಗ ಹುಷಾರು. ಮಾತಾಡುವಾಗ ಮೆಲ್ಲಗಿರುವ ದನಿ ಪದಕ್ಕೆ ಏರಿದರೆ ಎರಡು ಪಟ್ಟಾಗುತ್ತದೆ. ಮೊದಲು ಒಂದು ನುಡಿ ಹಾಡಿಸಿ, ಅತಿ ಎತ್ತರದ ಜಾಗಕ್ಕೆ ರೆಕಾರ್ಡರಿನಲ್ಲಿ ದನಿಯ ಮಟ್ಟ ತೋರಿಸುವ ಮುಳ್ಳು -12 ಡೆಸಿಬೆಲ್ಲಿಗೆ ನಿಲ್ಲುವ ಹಾಗೆ ಇಡು. ದನಿಯ ಮಟ್ಟವನ್ನು ತಾನೇ ಏರಿಸಿ ಇಳಿಸುವ ರೆಕಾರ್ಡರಿನ ಆಟೋ ಗೇನ್ ಆಫ್ ಮಾಡು. ಇಲ್ಲವಾದರೆ ಅಜ್ಜಿ ಉಸಿರು ತಗೊಳ್ಳುವ ಪ್ರತಿ ಬಿಡುವಿನಲ್ಲೂ ಯಂತ್ರ ತಾನಾಗಿ ಕಿವಿ ದೊಡ್ಡದು ಮಾಡಿಕೊಂಡು ಫ್ಯಾನು, ಕೋಳಿ, ಪಾತ್ರೆ ಸದ್ದನ್ನೆಲ್ಲ ಎಳೆದು ತರುತ್ತದೆ. ಆಮೇಲೆ ತೆಗೆಯಲು ಬರುವುದಿಲ್ಲ. ಎಲ್ಲರೂ ಸುಮ್ಮನಿದ್ದು ಅರ್ಧ ನಿಮಿಷ ಮನೆಯ ಮೌನವನ್ನೂ ಹಿಡಿದುಕೋ, ಕತ್ತರಿಸಿ ಜೋಡಿಸುವಾಗ ಬೇಕಾಗುತ್ತದೆ. ಹೆಸರು, ಊರು, ರೇಡಿಯೋದಲ್ಲಿ ಹಾಕಲು ಒಪ್ಪಿಗೆ, ಮೂರನ್ನೂ ಅವರ ಬಾಯಲ್ಲೇ ಹೇಳಿಸು. ಈ ಪದಗಳೇ ನಿಮ್ಮ ಆಸ್ತಿ. ಸಿನಿಮಾ ಹಾಡಿಗೆ ಹಕ್ಕುದಾರರ ಪರವಾನಗಿ ಕೊಳ್ಳಬೇಕು.

ದಿನಕ್ಕೆ ಹನ್ನೆರಡು ಗಂಟೆ ಪ್ರಸಾರ ಅಂತ ಹೊರಟರೆ ಮೂರು ತಿಂಗಳಿಗೇ ನಿಮ್ಮ ಸಂಘದ ಹುಡುಗಿಯರು ಸುಸ್ತಾಗುತ್ತಾರೆ. ಹೊಸದು ದಿನಕ್ಕೆ ಅರ್ಧ ಗಂಟೆ ಸಾಕು: ಸಂಜೆ ಹಾಕಿ, ಬೆಳಿಗ್ಗೆ ಮರುಪ್ರಸಾರ. ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿ ಕೊಡಬಹುದು. ಆದರೆ ಹವಾಮಾನ, ಪರೀಕ್ಷೆ, ಸ್ಥಳೀಯ ಆಡಳಿತ ಕೊಟ್ಟ ಕರೆಂಟು ನೀರಿನ ಪ್ರಕಟಣೆ ನಿಯಮದ ಪ್ರಕಾರ ಸುದ್ದಿಯಲ್ಲ. ಜನ ಕಾಯುವುದೂ ಅದಕ್ಕೇ. ಪ್ರಸಾರವಾದ ಎಲ್ಲವನ್ನೂ ಮೂರು ತಿಂಗಳು ಕಾದಿಡಬೇಕು, ಒಂದು ಹಾರ್ಡ್ ಡಿಸ್ಕ್ ಅದಕ್ಕೇ ಮೀಸಲಿಡು. ಜಾಹೀರಾತಿಗೆ 2024ರ ನಿಯಮದಲ್ಲಿ ಗಂಟೆಗೆ 12 ನಿಮಿಷ ಅವಕಾಶವಿದೆ, ಆದರೆ ಅದನ್ನು ನೆಚ್ಚಿ ಸಂಬಳದ ಲೆಕ್ಕ ಹಾಕಬೇಡ.

ಕೊಳ್ಳುವ ಮುಂಚೆ ಮೈಸೂರು ಜಿಲ್ಲೆಯ ಸರಗೂರಿನ 'ಜನಧ್ವನಿ', ಕೋಲಾರ ಜಿಲ್ಲೆಯ ಬೂದಿಕೋಟೆಯ 'ನಮ್ಮ ಧ್ವನಿ' ಸಮುದಾಯ ಬಾನುಲಿಗಳಿಗೆ ಹೋಗಿ ಬಾ. ಪರವಾನಗಿ ಸಿಗದ ಕಾಲದಲ್ಲಿ ಬೂದಿಕೋಟೆಯವರು ಕೇಬಲ್ ತಂತಿಯಲ್ಲೇ ಮನೆಮನೆಗೆ ದನಿ ಮುಟ್ಟಿಸಿದವರು. ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಮಾಡಿದ್ದು ನಿನಗೆ ಗೊತ್ತೇ ಇದೆ.

ಆ್ಯಂಟೆನಾ ಇಲ್ಲದೆ, ಪರೀಕ್ಷೆಗೆ ಆ್ಯಂಟೆನಾ ಬದಲು ಶಕ್ತಿ ಹೀರಿಕೊಳ್ಳುವ ಡಮ್ಮಿ ಲೋಡೂ ಇಲ್ಲದೆ ಟ್ರಾನ್ಸ್‌ಮಿಟರ್ ಆನ್ ಮಾಡಬೇಡ, ಒಳಗಿನ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಮೊದಲ ಪರೀಕ್ಷೆಯ ದಿನ ಅಗ್ಗದ ರೇಡಿಯೋ ಸೆಟ್ಟೊಂದು ಹಿಡಿದು ಬೈಕಿನಲ್ಲಿ ನಾಲ್ಕೂ ದಿಕ್ಕಿಗೆ ಹೋಗಿ. ಯಾವ ತಿರುವಿನಲ್ಲಿ ಕೊರಕೊರ ಶುರುವಾಯಿತು, ಎಲ್ಲಿ ಪೂರ್ತಿ ಹೋಯಿತು, ಕಿಲೋಮೀಟರ್ ಸಮೇತ ಬರೆದುಕೊಂಡು ನನಗೂ ಒಂದು ಪ್ರತಿ ಕಳಿಸು.

ನಿನ್ನ
ಅಮ್ಮ