ವರ್ಣಮಾಲೆ ಒಪ್ಪಿಸುವುದೇ ಓದಲ್ಲ

ಮಾನ್ಯ ಸಂಪಾದಕರೇ,

ಮಗುವನ್ನು ಒಂದನೇ ತರಗತಿಗೆ ಸೇರಿಸಲು ಬರುವ ಪೋಷಕರಲ್ಲಿ ಒಬ್ಬರಾದರೂ ಪ್ರತಿವರ್ಷ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ನಿಮ್ಮ ಶಾಲೆಯಲ್ಲಿ ಅ ಆ ಇ ಈ ಹೇಳಿಕೊಡುವುದಿಲ್ಲವಂತೆ, ನಿಜವೇ?’ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮೂರು ದಶಕಗಳ ಕಾಲ ಸಣ್ಣ ಮಕ್ಕಳಿಗೇ ಪಾಠ ಮಾಡಿ ನಿವೃತ್ತಳಾಗಿರುವ ನಾನು ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿರುವೆನೋ ಲೆಕ್ಕವಿಲ್ಲ. ಆದರೂ ಪ್ರಶ್ನೆ ನಿಂತಿಲ್ಲವಾದ್ದರಿಂದ, ತಮ್ಮ ಪತ್ರಿಕೆಯ ಮೂಲಕ ಇನ್ನೊಮ್ಮೆ ಉತ್ತರಿಸಲು ಅವಕಾಶ ಕೋರುತ್ತೇನೆ.

1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪದ್ಧತಿಯಿಂದ ಪ್ರೇರಣೆ ಪಡೆದು ಆರಂಭವಾದ, ಸಣ್ಣ ತರಗತಿಗಳ ಮಕ್ಕಳಿಗೆ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯು 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂದಿತು. ಅದರಲ್ಲಿ ಮಗು ಮೊದಲು ಕಲಿಯುವುದು ಸ್ವರಗಳನ್ನಲ್ಲ. ರ, ಗ, ಸ, ದ, ಅ ಎಂಬ ಐದು ಅಕ್ಷರಗಳನ್ನು. ಇದನ್ನು ಕಂಡು ‘ಇದೆಂಥ ಕ್ರಮ’ ಎಂದು ಮೂಗು ಮುರಿದವರಲ್ಲಿ ಆರಂಭದ ದಿನಗಳಲ್ಲಿ ನಾನೂ ಒಬ್ಬಳು. ಆದರೆ ಆ ಐದೇ ಅಕ್ಷರಗಳಿಂದ ಅರಸ, ಅಗಸ, ಸರ, ರಸ, ದರ, ಗರಗಸ ಎಂಬ ಪದಗಳನ್ನು ಮಗು ಕೆಲವೇ ವಾರಗಳಲ್ಲಿ ತಾನಾಗಿಯೇ ಕೂಡಿಸಿ ಓದುತ್ತದೆ. ಇವುಗಳಲ್ಲಿ ಗುಣಿತವಿಲ್ಲ, ಒತ್ತಿಲ್ಲ. ಅದೇ ಮಗು ಹದಿಮೂರು ಸ್ವರಗಳನ್ನೂ ಕ್ರಮವಾಗಿ ಕಲಿತು ಮುಗಿಸಿದರೆ ಓದಲು ಸಿಗುವುದು ‘ಆ’ ಮತ್ತು ‘ಈ’, ಹೆಚ್ಚೆಂದರೆ ಯಾರನ್ನಾದರೂ ಕರೆಯುವ ‘ಏ’! ವರ್ಣಮಾಲೆಯ ಕ್ರಮ ನಮ್ಮ ವ್ಯಾಕರಣಕಾರರ ಹೆಮ್ಮೆಯ ಸಾಧನೆಯೇ ಹೌದು. ಮಕ್ಕಳು ಅದನ್ನು ಕಲಿಯಲೇಬೇಕು, ನಿಘಂಟು ನೋಡುವ ವಯಸ್ಸಿಗೆ ಅದು ಬೇಕೇ ಬೇಕು. ಆದರೆ ಅಕ್ಷರಗಳನ್ನು ವರ್ಗೀಕರಿಸಲು ಹುಟ್ಟಿದ ಕ್ರಮವೇ ಓದು ಕಲಿಸುವ ಕ್ರಮವೂ ಆಗಬೇಕಿಲ್ಲ.

ಒಪ್ಪಿಸುವುದನ್ನೇ ಓದೆಂದು ಭಾವಿಸಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ತರಗತಿಯಲ್ಲೇ ಉದಾಹರಣೆಗಳಿದ್ದವು. ಕಾಗುಣಿತವನ್ನು ಹಾಡಿನಂತೆ ತಡವರಿಸದೆ ಹೇಳುತ್ತಿದ್ದ ಹುಡುಗನೊಬ್ಬನಿಗೆ ಹಲಗೆಯ ಮೇಲೆ ಒಂಟಿಯಾಗಿ ‘ಗು’ ಬರೆದು ತೋರಿಸಿದರೆ, ಅವನು ಬೆರಳು ಮಡಚುತ್ತಾ ‘ಗ, ಗಾ, ಗಿ, ಗೀ’ ಎಂದು ಪಿಸುಗುಟ್ಟಿ, ಐದನೆಯ ಬೆರಳಿಗೆ ಬಂದು ‘ಗು’ ಎನ್ನುತ್ತಿದ್ದ. ಮತ್ತೊಬ್ಬಳು ಪಾಠವನ್ನು ಸರಾಗವಾಗಿ ಓದುತ್ತಿದ್ದಳು, ಆದರೆ ಅವಳ ಬೆರಳು ಎರಡು ಸಾಲು ಕೆಳಗಿರುತ್ತಿತ್ತು. ಇನ್ನು ಮನೆಗೆಲಸದ ಕಾಪಿ ಬರವಣಿಗೆಯ ಮಾತು. ‘ಕಮಲ’ ಎಂದು ಹತ್ತು ಸಲ ಬರೆದುಕೊಂಡು ಬಾ ಎಂದರೆ ಮಕ್ಕಳು ಮೊದಲು ಮೇಲಿನಿಂದ ಕೆಳಕ್ಕೆ ಹತ್ತು ‘ಕ’, ಅದರ ಪಕ್ಕದಲ್ಲಿ ಹತ್ತು ‘ಮ’, ಕೊನೆಗೆ ಹತ್ತು ‘ಲ’ ಬರೆದು ಮುಗಿಸುತ್ತಾರೆ. ಪುಟ ತುಂಬಿರುತ್ತದೆ, ಅಪ್ಪ ಅಮ್ಮನಿಗೆ ತೃಪ್ತಿಯಾಗಿರುತ್ತದೆ, ಆದರೆ ಮಗು ‘ಕಮಲ’ ಎಂಬ ಪದವನ್ನು ಒಂದು ಸಲವೂ ಬರೆದಿರುವುದಿಲ್ಲ. ನಾಲ್ಕು ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಪುಟಗಟ್ಟಲೆ ಬರೆಸುವ ಖಾಸಗಿ ಶಿಶುವಿಹಾರಗಳಿಗೆ ಇದನ್ನು ಯಾರಾದರೂ ತಿಳಿಹೇಳಬೇಕು.

ನಲಿ-ಕಲಿಯಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಮೂರು ತರಗತಿಯ ಮಕ್ಕಳನ್ನು ಒಬ್ಬರೇ ಶಿಕ್ಷಕಿ ‘ತಟ್ಟೆ’ಗಳೆಂದು ಕರೆಯುವ ಗುಂಪುಗಳಲ್ಲಿ ಕೂರಿಸಿಕೊಂಡು, ಹರಿದ ಕಲಿಕಾ ಕಾರ್ಡುಗಳನ್ನು ಹೊಂದಿಸುತ್ತಾ, ಮಕ್ಕಳ ಕಲಿಕೆಯನ್ನು ದಾಖಲಿಸುವ ಪ್ರಗತಿನೋಟಕ್ಕೆ ಗುರುತು ಹಾಕುವ ಅವಸರದಲ್ಲಿ ಮಗು ಕಲಿಕೆಯ ಮೆಟ್ಟಿಲು ಹತ್ತಿದೆಯೋ ಹಾರಿದೆಯೋ ನೋಡಲಾಗದೆ ಹೋದ ದಿನಗಳು ನನಗೂ ಬಂದಿವೆ. ದೋಷ ಅಲ್ಲಿದೆ, ಅಕ್ಷರಗಳ ಕ್ರಮದಲ್ಲಲ್ಲ.

ಕನ್ನಡ ಓದಲು ಸಮಯ ಹಿಡಿಯುತ್ತದೆ ಎಂಬುದನ್ನು ನಾವು ಒಪ್ಪಿಕೊಳ್ಳಬೇಕಾಗಿದೆ. ನಮ್ಮ ವರ್ಣಮಾಲೆಯಲ್ಲಿ 49 ಅಕ್ಷರಗಳೆಂದು ಹೇಳುತ್ತೇವಾದರೂ, 34 ವ್ಯಂಜನಗಳಿಗೂ ಕಾಗುಣಿತದ 15 ರೂಪಗಳನ್ನು ಲೆಕ್ಕ ಹಿಡಿದರೆ ಮಗುವಿನ ಕಣ್ಣು ಗುರುತಿಸಬೇಕಾದ ಆಕಾರಗಳು 510 ಆಗುತ್ತವೆ, ಒತ್ತಕ್ಷರಗಳು ಇದಕ್ಕೆ ಹೊರತು. ಕನ್ನಡ ಕಲಿಯುವ ಮಕ್ಕಳ ಅಕ್ಷರಜ್ಞಾನದ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಈ ಕಲಿಕೆ ಒಂದು ವರ್ಷದಲ್ಲಿ ಮುಗಿಯದೆ ನಾಲ್ಕನೇ ತರಗತಿಯ ಹೊತ್ತಿಗೂ ಮುಂದುವರಿಯುತ್ತದೆ ಎಂದು ತೋರಿಸಿತು. ಸಣ್ಣ ತರಗತಿಯಲ್ಲಿ ಪಾಠ ಮಾಡಿದವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ‘ಸೂರ್ಯ’ ಎನ್ನುವಾಗ ‘ಯ’ಕ್ಕಿಂತ ಮೊದಲು ಕೇಳಿಸುವ ‘ರ್’ ಬರೆಯುವಾಗ ‘ಯ’ದ ನಂತರ ಅರ್ಕಾವತ್ತಾಗಿ ಬಂದು ನಿಲ್ಲುತ್ತದೆ, ಕಿವಿಯನ್ನು ನಂಬಿ ಓದುವ ಮಗು ಇಲ್ಲಿ ಎಡವುವುದು ಸಹಜ.

ಒತ್ತಕ್ಷರಗಳನ್ನು ಪೂರ್ತಿಯಾಗಿ ಕೊನೆಗೆ ತಳ್ಳುವುದೂ ನನಗೆ ಸರಿಕಂಡಿಲ್ಲ. ಮಗು ಮೊದಲು ಓದಲು ಬಯಸುವ ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ ಎಲ್ಲದರಲ್ಲಿಯೂ ಒತ್ತುಗಳೇ ಇವೆ. ಅಕ್ಕ, ಅಪ್ಪ, ಅಜ್ಜ ಎಂಬಲ್ಲಿ ಒತ್ತು ತನ್ನ ಅಕ್ಷರವನ್ನು ಹೋಲುವುದರಿಂದ ಮಕ್ಕಳು ಬೇಗ ಹಿಡಿಯುತ್ತಾರೆ. ‘ಅಮ್ಮ’ದ ಒತ್ತು ಮಾತ್ರ ‘ಮ’ದಂತೆ ಕಾಣುವುದೇ ಇಲ್ಲ. ಆದರೂ ಅದನ್ನು ಓದಲು ಬಾರದ ಮಗುವನ್ನು ನಾನು ಕಂಡಿಲ್ಲ, ಕಾರಣ ಹೇಳಬೇಕಾಗಿಲ್ಲ. ಸಜಾತೀಯ ಒತ್ತುಗಳನ್ನು ಮನೆಮಂದಿಯ ಹೆಸರುಗಳೊಂದಿಗೇ ಮೊದಲು ಪರಿಚಯಿಸಿ, ವಿಜಾತೀಯ ಒತ್ತುಗಳಿಗೆ ನಾಲ್ಕನೇ ತರಗತಿಯಲ್ಲಿಯೂ ಪ್ರತ್ಯೇಕ ಅವಧಿ ಮೀಸಲಿಡುವುದು ಸೂಕ್ತ.

ಉಚ್ಚಾರಣೆಯನ್ನು ತಿದ್ದುವುದು ಬೇರೆ, ಓದು ಕಲಿಸುವುದು ಬೇರೆ. ನಮ್ಮ ಕಡೆಯ ಹಳ್ಳಿಯ ಮಗು ‘ಹಸು’ ಎಂಬ ಪದವನ್ನು ನೋಡಿ ‘ಅಸು’ ಎಂದರೆ ಅದು ಸರಿಯಾಗಿಯೇ ಓದಿದೆ, ತನ್ನ ಮನೆಯ ನುಡಿಯಲ್ಲಿ ಹೇಳಿದೆ, ಅಷ್ಟೆ. ‘ಹಸು ಅಂದರೆ ಏನು?’ ಎಂದು ಕೇಳಿದರೆ ಕೊಟ್ಟಿಗೆಯ ಕಡೆ ಕೈ ತೋರಿಸುತ್ತದೆ. ಅಲ್ಲಿಯೇ ತಡೆದು ಮೂರು ಸಲ ‘ಹ’ಕಾರ ಹೇಳಿಸಿದರೆ, ಆ ಮಗು ಮುಂದಿನ ಸಲ ಬಾಯಿ ಬಿಡುವುದಿಲ್ಲ. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ತುಳು ಆಡುವ ಮಕ್ಕಳ ವಿಷಯದಲ್ಲಿ ಈ ತಾಳ್ಮೆ ಇನ್ನೂ ಹೆಚ್ಚು ಬೇಕು.

2021ರ ಜುಲೈನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ನಿಪುಣ್ ಭಾರತ್’ ಯೋಜನೆಯು, 2026-27ರ ಹೊತ್ತಿಗೆ ಮೂರನೇ ತರಗತಿ ಮುಗಿಸುವ ಪ್ರತಿಯೊಂದು ಮಗುವೂ ಅರ್ಥ ಮಾಡಿಕೊಂಡು ಓದಬೇಕು ಎಂಬ ಗುರಿ ಇಟ್ಟುಕೊಂಡಿದೆ. ಗ್ರಾಮೀಣ ಮಕ್ಕಳ ಓದು, ಲೆಕ್ಕದ ಮಟ್ಟವನ್ನು ಅಳೆಯುವ ‘ಅಸರ್’ ಸಮೀಕ್ಷೆಯ ಪ್ರಕಾರ, ಎರಡನೇ ತರಗತಿಯ ಪಠ್ಯವನ್ನು ಓದಬಲ್ಲ ಮೂರನೇ ತರಗತಿಯ ಮಕ್ಕಳು ದೇಶದ ಗ್ರಾಮೀಣ ಸರ್ಕಾರಿ ಶಾಲೆಗಳಲ್ಲಿ 2022ರಲ್ಲಿ ಶೇ 16.3ರಷ್ಟಿದ್ದರು, 2024ರಲ್ಲಿ ಶೇ 23.4ಕ್ಕೆ ಏರಿದ್ದಾರೆ. ಏರಿಕೆ ಸಮಾಧಾನ ತಂದರೂ ನಾಲ್ವರಲ್ಲಿ ಮೂವರು ಇನ್ನೂ ಹೊರಗೇ ಇದ್ದಾರೆ. ಈ ಸಮೀಕ್ಷೆಯಲ್ಲಿ ಮೆಚ್ಚಬೇಕಾದ ಒಂದು ಸಂಗತಿಯೆಂದರೆ, ಅಲ್ಲಿ ಪ್ರತಿ ಮಗುವಿನ ಮುಂದೆ ಕುಳಿತು, ಅದು ಓದುವುದನ್ನು ಕಿವಿಯಾರೆ ಕೇಳುತ್ತಾರೆ. ನಮ್ಮ ಶಾಲೆಗಳ ಮೌಲ್ಯಮಾಪನ ಬಹುಪಾಲು ಬರವಣಿಗೆಯಲ್ಲಿ ನಡೆಯುವುದರಿಂದ, ಬೋರ್ಡಿನಿಂದ ನಕಲು ಮಾಡುವ ಮಗುವೂ ಮುಂದಿನ ತರಗತಿಗೆ ಸುಗಮವಾಗಿ ಸಾಗುತ್ತದೆ. ತಿಂಗಳಿಗೊಮ್ಮೆಯಾದರೂ, ಮಗು ಮೊದಲು ಕಂಡಿರದ ನಾಲ್ಕು ಸಾಲುಗಳನ್ನು ಓದಿಸಿ, ‘ಇದರಲ್ಲಿ ಏನಾಯಿತು ಹೇಳು’ ಎಂದು ಕೇಳುವ ಪದ್ಧತಿ ಒಂದರಿಂದ ಮೂರನೇ ತರಗತಿಯವರೆಗೆ ಕಡ್ಡಾಯವಾಗಬೇಕು.

ಮನೆಯಲ್ಲಿ ಓದಿಸುವವರು ಯಾರೂ ಇಲ್ಲ ಎಂದು ಅನೇಕ ತಾಯಂದಿರು ಸಂಕೋಚದಿಂದ ಹೇಳಿಕೊಂಡು, ಸಂಜೆ ಮಗುವನ್ನು ಟ್ಯೂಷನ್ನಿಗೆ ಕಳುಹಿಸುತ್ತಾರೆ. ಅಲ್ಲಿಯೂ ನಡೆಯುವುದು ಅದೇ ಕಾಪಿ ಬರವಣಿಗೆ. ಆದರೆ ಓದಿಗೆ ಬೇಕಾದ ಮೊದಲ ತಯಾರಿ ಕಿವಿಯದು, ಅದನ್ನು ಓದು ಬಾರದ ಅಜ್ಜಿಯೂ ಮಾಡಿಸಬಲ್ಲಳು. ಅಜ್ಜಿ ‘ಮರ’ ಎಂದರೆ ಮಗು ‘ರಸ’ ಎನ್ನುತ್ತದೆ, ಅಜ್ಜಿ ‘ಸರ’ ಎನ್ನುತ್ತಾಳೆ. ಈ ಅಂತ್ಯಾಕ್ಷರಿಯಲ್ಲಿ ಮಗು ಪದವನ್ನು ಒಡೆದು ಅದರ ಕೊನೆಯ ಅಕ್ಷರವನ್ನು ಹೆಕ್ಕಿ ತೆಗೆಯುತ್ತಿರುತ್ತದೆ. ‘ಅರಮನೆಯಲ್ಲಿ ಅರ ತೆಗೆದರೆ ಏನುಳಿಯಿತು?’ ಎಂದು ರಾಗಿ ಬೀಸುತ್ತಲೋ ಸೊಪ್ಪು ಬಿಡಿಸುತ್ತಲೋ ಕೇಳಬಹುದು. ಒಗಟು, ಕಥೆಗಳಂತೂ ಇದ್ದೇ ಇವೆ. ಅಕ್ಷರ ಬಲ್ಲ ತಂದೆ ತಾಯಿಯಾದರೆ ಮಲಗುವ ಮುನ್ನ ಹತ್ತು ನಿಮಿಷ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಲಿನ ಕೆಳಗೆ ಬೆರಳಾಡಿಸುತ್ತಾ ಗಟ್ಟಿಯಾಗಿ ಓದಲಿ. ಬಸ್ಸಿನ ಬೋರ್ಡು, ಅಂಗಡಿಯ ಹೆಸರು, ಹಾಲಿನ ಪ್ಯಾಕೆಟ್ಟಿನ ‘ನಂದಿನಿ’ ಕೂಡ ಓದಿನ ಸಾಮಗ್ರಿಯೇ. ಆ ಮೂರು ಅಕ್ಷರಗಳಲ್ಲಿ ಎರಡು ಕಡೆ ‘ನ’ ಅಡಗಿರುವುದನ್ನು ಪತ್ತೆಹಚ್ಚಿದ ಹುಡುಗಿ ಅದನ್ನು ಇಡೀ ತರಗತಿಗೆ ಸಾರಿದ್ದು ನನಗೆ ಈಗಲೂ ನೆನಪಿದೆ.

ಪುಸ್ತಕಗಳ ಕೊರತೆ ಮೊದಲಿನಷ್ಟಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ, 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಉಚಿತ ಸದಸ್ಯತ್ವವೂ ಸಿಗುತ್ತಿದೆ. ಶಾಲೆಗಳಿಗೂ ಚಿತ್ರಕಥೆಯ ಪುಸ್ತಕಗಳು ಬಂದಿವೆ, ಆದರೆ ಎಷ್ಟೋ ಕಡೆ ಅವು ಬೀರುವಿನಲ್ಲಿ ಬೀಗದ ಹಿಂದಿವೆ. ಇದರಲ್ಲಿ ಶಿಕ್ಷಕರ ಉದಾಸೀನಕ್ಕಿಂತ ಭಯವೇ ಹೆಚ್ಚು: ದಾಸ್ತಾನು ವಹಿಯಲ್ಲಿ ಇನ್ನೂರು ಎಂದು ಬರೆದಿದ್ದು, ತಪಾಸಣೆಯ ದಿನ ನೂರ ಎಂಬತ್ತು ಸಿಕ್ಕರೆ ಉಳಿದದ್ದಕ್ಕೆ ಯಾರು ಹೊಣೆ? ಆದ್ದರಿಂದ, ಮಕ್ಕಳ ಬಳಕೆಯಿಂದ ಹರಿದ ಅಥವಾ ಕಳೆದ ಪುಸ್ತಕಗಳಿಗೆ ಶಿಕ್ಷಕರಿಂದ ವಿವರಣೆಯನ್ನಾಗಲಿ ಹಣವನ್ನಾಗಲಿ ಕೇಳಬಾರದು, ಪ್ರತಿವರ್ಷ ಒಂದು ಪಾಲನ್ನು ಸವೆದದ್ದೆಂದು ವಹಿಯಿಂದ ತೆಗೆದುಹಾಕಬಹುದು ಎಂಬ ಸ್ಪಷ್ಟ ಸುತ್ತೋಲೆಯೊಂದನ್ನು ಶಾಲಾ ಶಿಕ್ಷಣ ಇಲಾಖೆಯು ಹೊರಡಿಸಬೇಕೆಂದು ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ಹಾಸನ ಜಿಲ್ಲೆ